ಕೌದಿ ಹೊಲಿಯುತ್ತಾ ಅಂಗದಾನದ ಮಾತು

ನಮ್ಮ ಮಾವ ನೇತ್ರದಾನಕ್ಕೆ ಹೆಸರು ಬರೆಸಿದ್ದರು. ಅದು ನಮಗೆ ಗೊತ್ತಾಗಿದ್ದು ಮಣ್ಣು ಮಾಡಿ ಒಂಬತ್ತು ದಿನವಾದ ಮೇಲೆ, ಟ್ರಂಕಿನಲ್ಲಿ ಕಾರ್ಡು ಸಿಕ್ಕಾಗ. ಅತ್ತೆ ಆ ಕಾರ್ಡು ಹಿಡಿದು ಸಂಜೆವರೆಗೂ ಕೂತೇ ಇದ್ದರು. ಕಾರ್ಡು ಇದ್ದರೂ ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಅದಕ್ಕೇ ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಈ ಮಾತು ಶುರು ಮಾಡಿದೆ.

ಭಾಷಣ ಇಡಬೇಡಿ. ನಾವು ಒಮ್ಮೆ ಇಟ್ಟೆವು, ಜನ ಚಹಾ ಕುಡಿದು ಎದ್ದು ಹೋದರು. ಅದರ ಬದಲು ಕೌದಿ ಹೊಲಿಯಲು ಕರೆಯಿರಿ. ಹಳೇ ಸೀರೆ, ಧೋತರ, ಖಣದ ತುಂಡು ತರಲು ಹೇಳಿ. ಐದಾರು ಜನ, ಒಂದು ಪಡಸಾಲೆ, ಇಷ್ಟು ಸಾಕು. ಸಾವಿನ ಮಾತನ್ನು ಮುಖ ನೋಡಿಕೊಂಡು ಆಡುವುದು ಕಷ್ಟ ಅಲ್ವಾ? ಕಣ್ಣು ಸೂಜಿಯ ಮೇಲಿದ್ದರೆ ಸುಲಭ. ಮೊದಲ ದಿನ ವಿಷಯ ತೆಗೆಯಲೇಬೇಡಿ. ಎರಡನೇ ದಿನ ಒಂದು ತುಂಡು ಎತ್ತಿ "ಇದು ಯಾರ ಸೀರೆ?" ಅಂತ ಕೇಳಿ. ತೀರಿಹೋದ ಅವ್ವನದೋ ಆಯಿಯದೋ ಆಗಿರುತ್ತದೆ. ಅವರ ಕೊನೇ ದಿನಗಳ ಕಥೆ ಬರುತ್ತದೆ. ಪೂರ್ತಿ ಕೇಳಿ. ಆಮೇಲೆ ನಿಮ್ಮ ಮನೆಯದನ್ನು ಹೇಳಿ.

ಪ್ರಶ್ನೆಗಳು ಬಂದೇ ಬರುತ್ತವೆ. "ಮುಂದಿನ ಜನ್ಮದಾಗ ಕುರುಡಿ ಆಗಿ ಹುಟ್ಟಿದ್ರ?" ಅಂತ ಒಬ್ಬ ಆಯಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆ ವೈನಿ "ಅಪ್ಪು ಕಣ್ಣು ಕೊಟ್ಟು ಹೋದ್ರಲ್ಲ ಆಯಿ, ಅವರ ಅಪ್ಪಾಜೀನೂ ಕೊಟ್ಟಿದ್ರು" ಅಂದರು. 2021ರಲ್ಲಿ ಪುನೀತ್ ಅವರ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ನನ್ನ ಹತ್ತು ಮಾತಿಗಿಂತ ಅದೇ ಜಾಸ್ತಿ ನಾಟಿತು. ಮುಖ ಕೆಡುತ್ತದೆ ಎಂಬ ಭಯವೂ ಇದೆ. ಕೆಡುವುದಿಲ್ಲ. ರೆಪ್ಪೆ ಮುಚ್ಚಿ ಕೊಡುತ್ತಾರೆ. ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ. ಕನ್ನಡಕ ಹಾಕುವವರು, ಮೋತಿಬಿಂದು ಆಪರೇಷನ್ ಆದವರೂ ಕಣ್ಣು ಕೊಡಬಹುದು.

ಒಂದು ವಿಷಯವನ್ನು ಮಾತ್ರ ನಿಧಾನವಾಗಿ, ಎರಡು ಸಲ ಹೇಳಿ. ಮನೆಯಲ್ಲಿ ತೀರಿಕೊಂಡರೂ ಕಣ್ಣು ಕೊಡಬಹುದು, ಆರು ಗಂಟೆಯೊಳಗೆ. ಹೃದಯ, ಲಿವರ್‌ ಕೊಡಲು ಆಗುವುದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದು ಮೆದುಳು ಸತ್ತಾಗ. ಕೋಮಾ ಬೇರೆ, ಇದು ಬೇರೆ. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿದ ಮೇಲೆಯೇ ಮೆದುಳು ಸತ್ತಿದೆ ಎನ್ನುತ್ತಾರೆ. ದುಡ್ಡಿಗೆ ಅಂಗ ಮಾರುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ರಾಜ್ಯದಲ್ಲಿ ಅಂಗ ಯಾರಿಗೆ ಹೋಗಬೇಕು ಎಂಬುದನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

ಗಂಡಸರು ಕೌದಿಗೆ ಬರುವುದಿಲ್ಲ. ಅವರಿಗೆ ಶ್ರಾವಣದ ಪುರಾಣ ಮುಗಿದ ಮೇಲೆ ಮಠದ ಕಟ್ಟೆಯೇ ಸರಿ. ನೇತ್ರದಾನ ಪಾಕ್ಷಿಕವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ಬರುತ್ತದೆ.

ಅಲ್ಲೇ ಸಹಿ ಹಾಕಿಸಬೇಡಿ. "ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಒಬ್ಬರಿಗೆ ಹೇಳಿ" ಅಂತ ಕೇಳಿಕೊಳ್ಳಿ, ಅಷ್ಟೇ. ಒಪ್ಪಿದವರಿಗೆ ಆಧಾರ್ ಬಳಸಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಲು ಓಣಿಯ ಕಾಲೇಜು ಹುಡುಗಿಯರು ನೆರವಾಗುತ್ತಾರೆ. ಪ್ರತಿ ಮನೆಗೂ ಒಂದು ಚೀಟಿ ಬರೆದುಕೊಡಿ: ಹತ್ತಿರದ ಐ ಬ್ಯಾಂಕಿನ ನಂಬರು, ಫ್ಯಾನು ಬಂದ್ ಮಾಡುವುದು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡುವುದು, ತಲೆಯ ಕೆಳಗೆ ದಿಂಬು.

ನಮ್ಮ ಅತ್ತೆ ಆ ಚೀಟಿಯನ್ನು ದೇವರ ಜಗುಲಿಯ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಮೊಮ್ಮಗನಿಂದ ನಂಬರು ಬಾಯಿಪಾಠ ಮಾಡಿಸಿದ್ದಾರೆ.