ಟ್ರೆಡ್‌ಮಿಲ್‌ಗೂ ಮೊದಲು ಇಸಿಜಿ

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಹಳ್ಳಿಗಾಡಿನ ಟೌನ್‌ಶಿಪ್‌ನಲ್ಲಿ ನಮ್ಮ ಮನೆ. ಸುತ್ತ ಜೋಳದ ಹೊಲ, ಹಸುವಿನ ಕೊಟ್ಟಿಗೆಗಳು. ಇಲ್ಲಿ ಸಂಬಳದ ಅಗ್ನಿಶಾಮಕ ದಳ ಇಲ್ಲ. ಪೇಜರ್ ಕೂಗಿದರೆ ರೈತರು, ಲಾರಿ ಡ್ರೈವರ್‌ಗಳು, ಶಾಲೆಯ ಮೇಷ್ಟ್ರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಈ ರಾಜ್ಯದ ಬಹುಪಾಲು ದಳಗಳು ಹೀಗೇ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿ ಕೂಡ ಸ್ವಯಂಸೇವಕರದ್ದೇ. ನನಗೆ ಇದು ಹೊಸದು ಅನ್ನಿಸಲಿಲ್ಲ. ನಮ್ಮೂರಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡುವವರನ್ನು ಯಾರೂ ಕರೆಯಬೇಕಾಗಿಲ್ಲ, ಅಲ್ವಾ? ಸೇರಿಕೊಂಡೆ.

ಆಫೀಸಿನಲ್ಲಿ ನಾನು ಮಾಡುವುದು ಲೆಕ್ಕ ಮತ್ತು ವರದಿ ಬರೆಯುವ ಕೆಲಸ. ಅದು ಗೊತ್ತಾಗಿ ದಳದ ಚೀಫ್ ಗ್ರಾಂಟ್ ಅರ್ಜಿಯ ಜವಾಬ್ದಾರಿ ಒಪ್ಪಿಸಿದರು. ಟೌನ್‌ಶಿಪ್ ಕೊಡುವ ಹಣ, ಹಣ ಎತ್ತಲು ನಾವು ನಡೆಸುವ ಚಿಕನ್ ಬಾರ್ಬೆಕ್ಯೂ, ಬಿಂಗೊ ಆಟ, ಇವುಗಳಿಂದ ಡೀಸೆಲ್ ಮತ್ತು ವಿಮೆ ಹೇಗೋ ನಡೆಯುತ್ತಿತ್ತು. ಸಾಮಾನು ಕೊಳ್ಳಲು ಫೆಡರಲ್ ಸರ್ಕಾರ ಅಗ್ನಿಶಾಮಕ ದಳಗಳಿಗೆ ಕೊಡುವ ಎಎಫ್‌ಜಿ ಎಂಬ ಗ್ರಾಂಟ್ ಬಿಟ್ಟರೆ ನಮಗೆ ಬೇರೆ ದಾರಿ ಇರಲಿಲ್ಲ.

ಮೊದಲು ಎರಡು ಶನಿವಾರ ಲಾಕರ್‌ಗಳ ಮುಂದೆ ಕೂತೆ. ಬೆಂಕಿಗೆ ಹೋಗುವಾಗ ಹಾಕುವ ಪ್ರತಿ ಕೋಟು, ಪ್ಯಾಂಟಿನ ಒಳಗೆ ತಯಾರಾದ ದಿನಾಂಕದ ಚೀಟಿ ಇರುತ್ತದೆ. ತಯಾರಾಗಿ 10 ವರ್ಷ ಆದರೆ ಅದನ್ನು ತೆಗೆದುಹಾಕಬೇಕು ಅಂತ ನಿಯಮ, ಒಮ್ಮೆಯೂ ಹಾಕದಿದ್ದರೂ ಸರಿ. 22 ಜೊತೆಗಳಲ್ಲಿ 9ರ ಅವಧಿ ಮುಗಿದಿತ್ತು. ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹಾಕಿಕೊಳ್ಳುವ ಏರ್ ಪ್ಯಾಕ್‌ನ ಸಿಲಿಂಡರ್‌ಗಳನ್ನು 5 ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಕಳಿಸಬೇಕು. ಕಾರ್ಬನ್ ಫೈಬರ್ ಸುತ್ತಿದ ಸಿಲಿಂಡರ್ ಆದರೆ ಸಾಮಾನ್ಯವಾಗಿ 15 ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ನಮ್ಮ ಅರ್ಧದಷ್ಟು ಸಿಲಿಂಡರ್‌ಗಳು ಆ ಅಂಚಿಗೆ ಬಂದಿದ್ದವು. ಒಂದು ಹೊಸ ಏರ್ ಪ್ಯಾಕ್ ಸೆಟ್‌ಗೆ ಬಂದ ಕೊಟೇಶನ್ 8 ಸಾವಿರ ಡಾಲರ್ ದಾಟಿತ್ತು.

ಇದೆಲ್ಲ ಕಣ್ಣಿಗೆ ಕಾಣುವ ಕೊರತೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚು ಜನ ಸಾಯುವುದು ಸುಟ್ಟುಕೊಂಡು ಅಲ್ಲ, ಹೃದಯ ನಿಂತು. ರಾತ್ರಿ ಎರಡು ಗಂಟೆಗೆ ಗಾಢ ನಿದ್ದೆಯಲ್ಲಿ ಪೇಜರ್ ಕೂಗುತ್ತದೆ, ಎದೆಬಡಿತ ಒಮ್ಮೆಲೇ ಏರುತ್ತದೆ. ಮೈಮೇಲೆ 20 ಕಿಲೋಗೂ ಜಾಸ್ತಿ ಭಾರ. ಒಳಗಿನ ಬಿಸಿ ಹೊರಗೆ ಹೋಗದಂಥ ಉಡುಪು. ಬೆವರಿ ಬೆವರಿ ರಕ್ತ ಮಂದವಾಗುತ್ತದೆ. ನಮ್ಮಲ್ಲಿ ಐವತ್ತು ದಾಟಿದವರೇ ಹೆಚ್ಚು. ಹಲವರು ಡಾಕ್ಟರ ಬಳಿ ಹೋಗಿ ವರ್ಷಗಳಾಗಿದ್ದವು.

ಮೊದಲ ವರ್ಷ ಉಡುಪಿನ ಜೊತೆಗೆ ಟ್ರೆಡ್‌ಮಿಲ್, ರೋಯಿಂಗ್ ಮೆಷಿನ್ ಕೇಳಿದೆ. ಅರ್ಜಿ ತಿರಸ್ಕಾರವಾಯಿತು. ಆಮೇಲೆ ಗ್ರಾಂಟ್‌ನ ಮಾರ್ಗಸೂಚಿಯನ್ನು ಸಾಲುಸಾಲಾಗಿ ಓದಿದೆ. ಮೊದಲ ತಪಾಸಣೆ, ಲಸಿಕೆ, ಪ್ರತಿ ವರ್ಷದ ವೈದ್ಯಕೀಯ ಮತ್ತು ಫಿಟ್‌ನೆಸ್ ಪರೀಕ್ಷೆ, ಮಾನಸಿಕ ಆರೋಗ್ಯದ ನೆರವು, ಈ ನಾಲ್ಕೂ ದಳದಲ್ಲಿ ಇರಬೇಕು, ಇಲ್ಲವೇ ಅವನ್ನೇ ಮೊದಲು ಕೇಳಬೇಕು. ವ್ಯಾಯಾಮದ ಯಂತ್ರ ಆಮೇಲೆ. ಯೋಚಿಸಿದರೆ ಅದೇ ಸರಿ. ಹೃದಯದ ಸ್ಥಿತಿ ಗೊತ್ತಿಲ್ಲದವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದು ಅಪಾಯ.

ಮುಂದಿನ ವರ್ಷ ತಪಾಸಣೆಗೇ ಹಣ ಕೇಳೋಣ ಎಂದಾಗ ಸಭೆ ಬಿಸಿಯಾಯಿತು. ಮೂವತ್ತು ವರ್ಷದಿಂದ ದಳದಲ್ಲಿರುವ ಹಿರಿಯರೊಬ್ಬರು ಎದ್ದು ನಿಂತರು. "ಡಾಕ್ಟರ್ ಬೇಡ ಅಂದರೆ ನನ್ನನ್ನು ಮನೆಗೆ ಕಳಿಸ್ತೀರಾ?" ಆ ಪ್ರಶ್ನೆಗೆ ಉತ್ತರ ಕೊಡದೆ ಅರ್ಜಿ ಬರೆಯುವುದು ನನಗೆ ಸರಿ ಕಾಣಲಿಲ್ಲ. ಮೂರು ಸಭೆ ಮಾಡಿದೆವು. ವರದಿ ಡಾಕ್ಟರು ಮತ್ತು ಸದಸ್ಯರ ನಡುವೆ ಮಾತ್ರ ಇರಬೇಕು, ದಳಕ್ಕೆ ಬರುವುದು 'ಉರಿಯುವ ಕಟ್ಟಡದ ಒಳಗೆ ಹೋಗಬಹುದು' ಅಥವಾ 'ಸದ್ಯಕ್ಕೆ ಬೇಡ' ಎಂಬ ಒಂದು ಮಾತು. ಒಳಗೆ ಹೋಗಲಾಗದವರಿಗೆ ಟ್ಯಾಂಕರ್ ಓಡಿಸುವ, ಪಂಪ್ ನೋಡಿಕೊಳ್ಳುವ ಕೆಲಸ. ಈ ಎರಡನ್ನೂ ಬರೆದು ಸಹಿ ಹಾಕಿಕೊಂಡೆವು.

ಅರ್ಜಿಯ ಬಗ್ಗೆ ಒಂದು ಮಾತು. ಅದನ್ನು ಓದಿ ಅಂಕ ಕೊಡುವವರು ಬೇರೆ ಊರುಗಳ ಅಗ್ನಿಶಾಮಕರು. ಅವರಿಗೆ ನಮ್ಮ ಕಷ್ಟ ಗೊತ್ತು, ನಮ್ಮ ಊರು ಗೊತ್ತಿಲ್ಲ. ಮೊದಲ ಸಲ "ಸಲಕರಣೆ ಹಳೆಯದಾಗಿದೆ" ಎಂದು ಬರೆದಿದ್ದೆ. ಎರಡನೇ ಸಲ ಲಾಕರ್‌ನ ದಿನಾಂಕಗಳನ್ನು ಹಾಗೇ ಇಟ್ಟೆ. ಇಲ್ಲಿ ಬೆಂಕಿ ಆರಿಸಲು ನೀರು ಕೊಡುವ ರಸ್ತೆ ಬದಿಯ ಹೈಡ್ರಂಟ್ ಇಲ್ಲ, ಹೊಲದ ಕೆರೆಯಿಂದ ನೀರು ಎಳೆದು ಟ್ಯಾಂಕರ್‌ನಲ್ಲಿ ತರಬೇಕು, ಆ ಓಡಾಟಕ್ಕೆ ಎಷ್ಟು ನಿಮಿಷ ಬೇಕು ಎಂದು ಬರೆದೆ. ಜನಸಂಖ್ಯೆ 20 ಸಾವಿರದೊಳಗೆ ಇದ್ದರೆ ದಳ ಹಾಕಬೇಕಾದ ಪಾಲು ಶೇ 5. ಅದನ್ನು ಬಾರ್ಬೆಕ್ಯೂ ಹಣದಲ್ಲಿ ಮೊದಲೇ ತೆಗೆದಿಟ್ಟು, ಠರಾವಿನ ದಿನಾಂಕವನ್ನೂ ಸೇರಿಸಿದೆ. ಇನ್ನೊಂದು, ಫೆಡರಲ್ ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಅದು ಮರೆತರೆ ಉಳಿದ ಶ್ರಮವೆಲ್ಲ ಸುಮ್ನೆ ಹೋಗುತ್ತದೆ.

ಎರಡನೇ ಸಲ ಮಂಜೂರಾಯಿತು. 9 ಜೊತೆ ಉಡುಪು, ಎಲ್ಲ ಸದಸ್ಯರಿಗೂ ಇಸಿಜಿ ಸಮೇತ ತಪಾಸಣೆ. ಮೂವರಿಗೆ ರಕ್ತದೊತ್ತಡ ಇದೆ ಎಂದು ಅವತ್ತೇ ಗೊತ್ತಾಯಿತು ಅಂತ ಅವರೇ ಬಂದು ಹೇಳಿದರು. ಆ ಹಿರಿಯರಿಗೆ ಒಳಗೆ ಹೋಗಲು ಒಪ್ಪಿಗೆ ಸಿಗಲಿಲ್ಲ. ಒಂದು ವಾರ ಅವರು ಠಾಣೆಗೆ ಬರಲಿಲ್ಲ. ಮುಂದಿನ ಮಂಗಳವಾರದ ತರಬೇತಿಗೆ ಬಂದು, ನೇರವಾಗಿ ಪಂಪ್ ಹತ್ತಿರ ಹೋಗಿ, ನನ್ನನ್ನು ಕರೆದು, "ಈ ಗೇಜ್ ಓದೋದು ನಿನಗೆ ಯಾರೂ ಸರಿಯಾಗಿ ಕಲಿಸಿಲ್ಲ, ಬಾ" ಎಂದರು.

ಈ ವರ್ಷದ ಅರ್ಜಿಯಲ್ಲಿ ಟ್ರೆಡ್‌ಮಿಲ್ ಕೇಳುತ್ತಿದ್ದೇನೆ.