ಹುಡುಗ್ರ ಕೈಗೆ ಕಸದ ಚೀಲ ಮಾತ್ರ ಕೊಡ್ಬೇಡಿ, ನಿರ್ಧಾರಾನೂ ಕೊಡಿ

ಕೆರೆ ಕ್ಲೀನ್ ಮಾಡೋಕೋ ಗಿಡ ನೆಡೋಕೋ ಹುಡುಗ ಹುಡುಗಿಯರನ್ನ ಒಂದು ದಿನ ಸೇರಿಸೋದು ಕಷ್ಟ ಅಲ್ಲ. ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಮೊದಲ ಭಾನುವಾರ ನಲವತ್ತು ಜನ ಬರ್ತಾರೆ, ಮುಂದಿನ ವಾರ ಹದಿನೈದು, ಮೂರನೇ ವಾರಕ್ಕೆ ಕರೆದವರಷ್ಟೇ ನಿಂತಿರ್ತಾರೆ. ಈಗಿನ ಮಕ್ಕಳಿಗೆ ಕಾಳಜಿನೇ ಇಲ್ಲ ಅಂತ ಆಗ ನಾನೂ ಬೇಜಾರು ಮಾಡ್ಕೊಂಡಿದ್ದೆ, ಆದ್ರೆ ತಪ್ಪು ನಮ್ಮದೇ ಇತ್ತು. ಜಾಗ ಯಾವುದು, ಟೈಮ್ ಎಷ್ಟು, ಕೆಲಸ ಏನು ಅಂತ ಎಲ್ಲಾ ನಾವೇ ಫಿಕ್ಸ್ ಮಾಡಿ ಕೊನೆಗೆ ಅವರ ಕೈಗೆ ಚೀಲ ಕೊಟ್ಟು ಎತ್ತಿ ಅಂದ್ರೆ, ಆ ಕೆಲಸ ಅವರದ್ದು ಅಂತ ಅವರಿಗೆ ಯಾಕೆ ಅನ್ನಿಸ್ಬೇಕು ಹೇಳಿ.

ರೋಜರ್ ಹಾರ್ಟ್ ಅನ್ನೋರು 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ಗೆ ಬರೆದ ಒಂದು ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆನ ಎಂಟು ಮೆಟ್ಟಿಲ ಏಣಿ ಥರ ವಿವರಿಸಿದ್ರು. ಕೆಳಗಿನ ಮೂರು ಮೆಟ್ಟಿಲು ಯಾವುದು ಅಂದ್ರೆ, ದೊಡ್ಡವರ ಮಾತನ್ನ ಮಕ್ಕಳ ಬಾಯಲ್ಲಿ ಹೇಳಿಸೋದು, ಅಲಂಕಾರಕ್ಕೆ ನಿಲ್ಲಿಸೋದು, ಹೆಸರಿಗೆ ಮಾತ್ರ ಸೇರಿಸ್ಕೊಳ್ಳೋದು. ಈ ಮೂರೂ ಭಾಗವಹಿಸುವಿಕೆನೇ ಅಲ್ಲ ಅಂತ ಅವರು ನೇರವಾಗಿ ಹೇಳ್ತಾರೆ. ಬ್ಯಾನರ್ ಹಿಡಿಸಿ ಫೋಟೋ ತೆಗೆದು ಕಳಿಸೋ ಕಾರ್ಯಕ್ರಮ ಯಾವ ಮೆಟ್ಟಿಲಲ್ಲಿದೆ ನೀವೇ ನೋಡಿ.

ಹಾಗಾದ್ರೆ ಶುರು ಎಲ್ಲಿಂದ? ಕೆಲಸದಿಂದ ಬೇಡ, ನಡಿಗೆಯಿಂದ ಶುರು ಮಾಡಿ. ಏಳೆಂಟು ಜನ ಸಾಕು, ಒಂದು ಗಂಟೆ ಸುಮ್ಮನೆ ಜೊತೇಲಿ ಸುತ್ತಾಡಿ, ಎಲ್ಲಿ ಏನು ನೋಡಿ ಬೇಜಾರಾಯ್ತು ಅಂತ ಅವರೇ ಬರ್ಕೊಳ್ಳಲಿ. ನಾವು ಮುಖ್ಯ ಅಂದ್ಕೊಂಡಿದ್ದು ಅವರ ಪಟ್ಟೀಲಿ ಇಲ್ದೇನೂ ಇರಬಹುದು, ಪರವಾಗಿಲ್ಲ, ಬಾಯಿ ಹಾಕ್ಬೇಡಿ. ಕೊನೆಗೆ ಕೂತು ಒಂದನ್ನ ಮಾತ್ರ ಆರಿಸಲಿ. ಇಲ್ಲಿ ದೊಡ್ಡವರು ಒಂದೇ ಒಂದು ಮಾತು ಸೇರಿಸ್ಬೇಕು, ಮೂರು ತಿಂಗಳೊಳಗೆ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಬದಲಾಗೋಷ್ಟು ಚಿಕ್ಕ ಕೆಲಸ ಆಗಿರ್ಲಿ ಅಂತ. ಇಡೀ ನದಿ ಉಳಿಸ್ತೀವಿ ಅಂತ ಹೊರಟ ಗುಂಪು ಬೇಗ ಸುಸ್ತಾಗುತ್ತೆ, ಒಂದು ಮೋರಿ ಬಾಯಿ ಹಿಡ್ಕೊಂಡ ಗುಂಪು ನಿಲ್ಲುತ್ತೆ.

ಆಮೇಲೆ ಅಳತೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ಕಾರ್ಯಕ್ರಮ 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಶುರುವಾದಾಗಿಂದ ಅಲ್ಲಿ ಕಸ ಎತ್ತೋದಷ್ಟೇ ಅಲ್ಲ, ಏನೇನು ಸಿಕ್ತು ಅಂತ ಎಣಿಸಿ ಬರೀತಾರೆ. ನೀವೂ ಹಾಗೇ ಮಾಡಿ, ಒಬ್ಬರು ಎತ್ತೋದು, ಒಬ್ಬರು ಕೂಗಿ ಹೇಳೋದು, ಒಬ್ಬರು ಗೆರೆ ಎಳೆಯೋದು. ಸಿಗರೇಟ್ ತುಂಡು ಇನ್ನೂರು ಆಯ್ತು ಅಂದಾಗ ಯಾರೋ ಅದು ಹತ್ತಿ ಅಲ್ವಾ, ಕರಗಿ ಹೋಗುತ್ತಲ್ಲ ಅಂತಾರೆ. ಇಲ್ಲ, ಫಿಲ್ಟರ್ ಮಾಡೋದು ಸೆಲ್ಯುಲೋಸ್ ಅಸಿಟೇಟ್‌ನಿಂದ, ಅದೂ ಪ್ಲಾಸ್ಟಿಕ್ಕೇ. ಆ ಕ್ಷಣದಲ್ಲಿ ಮುಖ ನೋಡ್ಬೇಕು ನೀವು. ಯಾವ ಮೂಲೇಲಿ ಏನು ಜಾಸ್ತಿ ಅಂತ ಗೊತ್ತಾದ್ರೆ ಡಬ್ಬಿ ಎಲ್ಲಿ ಇಡ್ಬೇಕು, ಯಾರ ಹತ್ರ ಮಾತಾಡ್ಬೇಕು ಅನ್ನೋದು ಅವರಿಗೇ ಹೊಳೆಯುತ್ತೆ.

ಹತ್ತಿರದಲ್ಲಿ ಹರಿಯೋ ಹಳ್ಳ ಇದ್ರಂತೂ ಒಂದು ಬಿಳಿ ಟ್ರೇ ತಗೊಂಡು ಹೋಗಿ. ಮೊಣಕಾಲಿಗಿಂತ ಕಮ್ಮಿ ನೀರಲ್ಲಿ ಒಂದು ಕಲ್ಲು ಎತ್ತಿ ಅದರ ಅಡಿಭಾಗನ ಟ್ರೇ ನೀರಲ್ಲಿ ಮೆಲ್ಲಗೆ ತೊಳೀರಿ, ಎರಡು ನಿಮಿಷ ಸುಮ್ಮನೆ ಕಾಯಿರಿ. ಮೊದಲು ಬರೀ ಮಣ್ಣು, ಆಮೇಲೆ ಆ ಮಣ್ಣೇ ನಡೆಯೋಕೆ ಶುರುವಾಗುತ್ತೆ. ನಮ್ಮ ಗುಂಪಲ್ಲಿ ಎಲ್ಲದಕ್ಕೂ ಹಿಂದೆ ನಿಲ್ತಿದ್ದ ಒಬ್ಬಳು ಹುಡುಗಿ ಒಂದು ಕಡ್ಡಿ ಚೂರು ಅಲ್ಲಾಡ್ತಾ ಇದೆ ಅಂತ ಕಿರುಚಿದ್ಲು, ನೋಡಿದ್ರೆ ಅದು ಕ್ಯಾಡಿಸ್‌ಫ್ಲೈ ಅನ್ನೋ ಹಾರೋ ಹುಳದ ನೀರಲ್ಲಿರೋ ಮರಿ, ಮರಳಿನ ಕಣಗಳನ್ನ ತಾನೇ ಅಂಟಿಸ್ಕೊಂಡು ಗೂಡು ಕಟ್ಕೊಂಡು ಅದನ್ನ ಎಳ್ಕೊಂಡು ಹೋಗ್ತಿತ್ತು. ಅವತ್ತಿಂದ ಟ್ರೇ ಅವಳದ್ದೇ. ಅಂಥ ಮರಿಗಳು, ಮೇಫ್ಲೈ ಅನ್ನೋ ಇನ್ನೊಂದು ಹಾರೋ ಹುಳದ ಮೂರು ಬಾಲದ ಮರಿಗಳು ತುಂಬಾ ಇದ್ರೆ ನೀರಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ ಅರ್ಥ. ಬರೀ ಕೆಂಪು ಹುಳಗಳೇ ಕಂಡ್ರೆ ಕೊಳಕು ಸೇರ್ತಿದೆ ಅನ್ನೋ ಅನುಮಾನ ಬರ್ಬೇಕು, ಯಾಕಂದ್ರೆ ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರೋದ್ರಿಂದ ಆಮ್ಲಜನಕ ಕಮ್ಮಿ ಇರೋ ಕಡೇನೂ ಬದುಕ್ತಾವೆ. ನೋಡಿ ಮುಗಿದ ಮೇಲೆ ಅದೇ ಜಾಗದಲ್ಲಿ ನೀರಿಗೆ ಬಿಡಿ, ಕಲ್ಲನ್ನೂ ಮೊದಲಿದ್ದ ಹಾಗೇ ಇಡಿ.

ಗಿಡ ನೆಡೋದಾದ್ರೆ ಎಷ್ಟು ನೆಟ್ಟಿದ್ದೀರಿ ಅನ್ನೋದನ್ನ ಬಿಟ್ಟು ಒಂದು ವರ್ಷ ಆದ್ಮೇಲೆ ಎಷ್ಟು ಬದುಕಿದೆ ಅಂತ ಬರೀರಿ. ನೀರು ಹಾಕೋ ಸರದಿ ಮೊದಲೇ ಒಪ್ಪದೆ ಗುಂಡಿ ತೆಗೀಬೇಡಿ.

ಲೆಕ್ಕ ಕೈಗೆ ಬಂದ್ಮೇಲೆ ಸ್ಥಳೀಯ ಆಡಳಿತದ ಮುಂದೆ ಮಾತಾಡೋರು ಅವರೇ ಆಗಿರ್ಲಿ. ಒಂದು ಪುಟ, ಎರಡು ಫೋಟೋ, ಒಂದೇ ಬೇಡಿಕೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತಮಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳೋ ಹಕ್ಕು ಮಕ್ಕಳಿಗಿದೆ ಅನ್ನುತ್ತೆ, ಅದನ್ನ ಅವರಿಗೆ ತಿಳಿಸಿ. ನೀವು ಹಿಂದಿನ ಕುರ್ಚೀಲಿ ಕೂತ್ಕೊಳ್ಳಿ, ತಡವರಿಸಿದ್ರೂ ಮಧ್ಯ ಎದ್ದು ಪೂರ್ತಿ ಮಾಡ್ಬೇಡಿ. ಉತ್ತರ ಬರೋಕೆ ತಡ ಆಗುತ್ತೆ ಅಂತಾನೂ ಮೊದಲೇ ಹೇಳಿಬಿಡಿ. ಇಂಡೋನೇಷ್ಯಾದ ಬಾಲಿಯಲ್ಲಿ ಮೆಲಾಟಿ, ಇಸಬೆಲ್ ವೈಸೆನ್ ಅನ್ನೋ ಅಕ್ಕ ತಂಗಿ 2013ರಲ್ಲಿ ಪ್ಲಾಸ್ಟಿಕ್ ಚೀಲದ ವಿರುದ್ಧ ಅಭಿಯಾನ ಶುರು ಮಾಡಿದಾಗ ಅವರಿಗೆ ಹನ್ನೆರಡು, ಹತ್ತು ವರ್ಷ, ಅಲ್ಲಿ ನಿಷೇಧ ಜಾರಿಗೆ ಬಂದಿದ್ದು 2019ರಲ್ಲಿ.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ, ಇದು ಪೂರ್ತಿ ದೊಡ್ಡವರ ಜವಾಬ್ದಾರಿ. ದಪ್ಪ ಗ್ಲೌಸ್, ಮುಚ್ಚಿದ ಶೂ, ಮನೆಯವರ ಒಪ್ಪಿಗೆ, ಯಾವಾಗ್ಲೂ ಕನಿಷ್ಠ ಇಬ್ಬರು ದೊಡ್ಡವರು. ಸೂಜಿ, ಒಡೆದ ಗಾಜು, ಕೆಮಿಕಲ್ ಡಬ್ಬ ಕಂಡ್ರೆ ಮಕ್ಕಳು ಮುಟ್ಟಬಾರದು, ಕೂಗಬೇಕು ಅಷ್ಟೇ. ಮಳೆ ಬಂದ ಮಾರನೇ ದಿನ ನೀರಿಗೆ ಇಳಿಯೋದು ಬೇಡವೇ ಬೇಡ. ಫೋಟೋ ಹಾಕೋ ಮೊದಲು ಅವರನ್ನೂ ಮನೆಯವರನ್ನೂ ಕೇಳಿ.

ಪರೀಕ್ಷೆ ತಿಂಗಳಲ್ಲಿ ಯಾರೂ ಬರಲ್ಲ, ಆಗ ಒತ್ತಾಯ ಮಾಡ್ಬೇಡಿ, ರಜ ಅಂತ ನೀವೇ ಘೋಷಿಸಿ, ಮತ್ತೆ ಸೇರೋ ತಾರೀಖನ್ನೂ ಅವತ್ತೇ ಹೇಳಿ. ಎರಡು ವರ್ಷಕ್ಕೆ ದೊಡ್ಡ ಹುಡುಗ್ರು ಓದು, ಕೆಲಸ ಅಂತ ಬೇರೆ ಕಡೆ ಹೋಗ್ತಾರೆ, ಹಾಗಾಗಿ ಹೊಸಬರು ಬಂದಾಗ ನೀವು ಕಲಿಸೋಕೆ ಹೋಗ್ಬೇಡಿ, ಹಳಬರು ಕಲಿಸಲಿ, ಎಣಿಕೆ ಪುಸ್ತಕ ಕೈಯಿಂದ ಕೈಗೆ ಹೋಗಲಿ. ಮೊದಲ ಪುಟದಲ್ಲಿ ಆ ಮೊದಲ ನಡಿಗೆಯ ಪಟ್ಟಿ ಇದ್ಯಲ್ಲ, ಅದನ್ನ ಹೊಸಬರು ಓದಿ ಇನ್ನೊಂದು ನಡಿಗೆಗೆ ಹೊರಡಲಿ.