ಮನೆಗೊಂದೇ ಕಾರು: ನಾವೇ ಹಾಕಿಕೊಂಡ ಮಿತಿ

ನಮ್ಮ ಮನೆಯಲ್ಲಿ ಎರಡು ಕಾರುಗಳಿದ್ದವು. ಮಗನಿಗೆ ಚಾಲನಾ ಪರವಾನಗಿ ಸಿಕ್ಕ ವಾರವೇ ಮೂರನೆಯದರ ಮಾತು ಬಂತು. ಅವನು ಹಟ ಹಿಡಿಯಲಿಲ್ಲ. ಅಪ್ಪನಿಗೊಂದು, ಅಮ್ಮನಿಗೊಂದು ಇರುವಾಗ ತನಗೂ ಒಂದು ಬೇಕಲ್ಲವೇ ಎಂದು ಸಹಜವಾಗಿಯೇ ಕೇಳಿದ. ಬೇಡವೆನ್ನಲು ನಮ್ಮ ಬಳಿ ಕಾರಣವಿರಲಿಲ್ಲ, ಏಕೆಂದರೆ ಒಂದು ಮನೆಗೆ ಎಷ್ಟು ಕಾರು ಸಾಕು ಎಂಬ ಲೆಕ್ಕವನ್ನು ನಾವು ಎಂದೂ ಹಾಕಿರಲಿಲ್ಲ. ಆ ಲೆಕ್ಕ ಹಾಕಲು ಕುಳಿತವರು ಕೊನೆಗೆ ಒಂದೇ ಕಾರಿಗೆ ಇಳಿದೆವು. ಹಾಗೆ ನಡೆಸಿಕೊಂಡು ಬಂದು ಈಗ ನಾಲ್ಕು ವರ್ಷಗಳಾಗಿವೆ.

ಮೊದಲು ನಾವು ಸಂಖ್ಯೆಯನ್ನು ಮುಟ್ಟದೆ ಬಳಕೆಗೆ ಮಾತ್ರ ಕಡಿವಾಣ ಹಾಕಲು ನೋಡಿದೆವು. ಒಂದು ಕಾರು ಮಂಗಳವಾರ, ಇನ್ನೊಂದು ಗುರುವಾರ ಹೊರಗೆ ಹೋಗಕೂಡದು ಎಂದು ಮಾತಾಯಿತು. ಆದದ್ದೇನೆಂದರೆ, ಮಂಗಳವಾರ ನನ್ನ ಕಾರು ನಿಂತರೆ ಯಜಮಾನರ ಕಾರಿನ ಕೀಲಿ ನನ್ನ ಕೈಗೆ ಬರುತ್ತಿತ್ತು. ತಿಂಗಳ ಕೊನೆಗೆ ಎರಡೂ ಕಾರುಗಳ ಮೀಟರ್ ಕೂಡಿಸಿ ನೋಡಿದರೆ ಓಡಿದ ದೂರ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಮೆಕ್ಸಿಕೋ ನಗರದಲ್ಲಿ 1989ರಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿಯನ್ನು ಹಿಡಿದು ವಾರದಲ್ಲೊಂದು ದಿನ ಕಾರು ಹೊರತೆಗೆಯಬಾರದು ಎಂದು ನಿಯಮ ಮಾಡಿದಾಗ, ಅನುಕೂಲವಿದ್ದವರು ಬೇರೆ ಅಂಕಿಯ ಎರಡನೆಯ ಕಾರನ್ನು, ಬಹಳ ಸಲ ಹಳೆಯದನ್ನೇ, ಕೊಂಡಿಟ್ಟುಕೊಂಡರು. ಇದನ್ನು ನಾನು ಓದಿದ್ದು ಆಮೇಲೆ. ಮಿತಿ ಬೀಳಬೇಕಾದದ್ದು ದಿನದ ಮೇಲಲ್ಲ, ಕಾರಿನ ಸಂಖ್ಯೆಯ ಮೇಲೆ ಎಂಬುದು ಆಗ ನಮಗೆ ಸ್ಪಷ್ಟವಾಯಿತು. ಬರ್ಮುಡಾ ದ್ವೀಪ ಮಾಡಿರುವುದೂ ಅದನ್ನೇ. ಸುಮಾರು 53 ಚದರ ಕಿಲೋಮೀಟರಿನ ಆ ನೆಲದಲ್ಲಿ 1946ರವರೆಗೆ ಖಾಸಗಿ ಕಾರಿಗೇ ಅವಕಾಶವಿರಲಿಲ್ಲ. ಅವಕಾಶ ಕೊಟ್ಟ ಮೇಲೂ ಅಲ್ಲಿ ಮನೆಯೊಂದಕ್ಕೆ ಒಂದೇ ಕಾರು, ಉಳಿದವರಿಗೆ ಸ್ಕೂಟರ್ ಅಥವಾ ಬಸ್ಸು.

ಆದರೆ ಕಾರು ಮಾರುವ ಮೊದಲು ನಿಜವಾದ ಅಗತ್ಯ ಎಷ್ಟೆಂಬುದು ತಿಳಿಯಬೇಕಿತ್ತು. ಎರಡೂ ಕಾರುಗಳಲ್ಲಿ ಒಂದೊಂದು ಚಿಕ್ಕ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಇಟ್ಟು, ಹೊರಟ ಹೊತ್ತು, ಬಂದ ಹೊತ್ತು, ಹೋದ ಕೆಲಸ, ಜೊತೆಗೆ ಕುಳಿತವರು ಎಷ್ಟು ಜನ ಎಂಬ ನಾಲ್ಕು ಸಂಗತಿಗಳನ್ನು ಎಂಟು ವಾರ ತಪ್ಪದೆ ಬರೆದೆವು. ಈ ಕೆಲಸಕ್ಕೆ ಕೈ ಹಾಕುವ ಯಾರಿಗಾದರೂ ನಾನು ಒತ್ತಿ ಹೇಳುವುದು ಇದನ್ನೇ, ಏಕೆಂದರೆ ಇದಿಲ್ಲದೆ ನಡೆಯುವ ಚರ್ಚೆಯೆಲ್ಲ ಅವರವರ ನೆನಪಿನ ಜಗಳವಾಗುತ್ತದೆ. ‘ದಿನಾ ಎರಡೂ ಬೇಕಾಗುತ್ತದೆ’ ಎಂದು ನಾನೇ ಖಚಿತವಾಗಿ ಹೇಳಿದ್ದೆ. 56 ದಿನಗಳಲ್ಲಿ ಎರಡೂ ಕಾರುಗಳು ಒಂದೇ ಹೊತ್ತಿಗೆ ಹೊರಗಿದ್ದದ್ದು 23 ದಿನ; ಅವುಗಳಲ್ಲಿ 14 ದಿನ ಇಬ್ಬರೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬೇರೆ ಬೇರೆ ಕಾರಿನಲ್ಲಿ ಹೋಗಿದ್ದೆವು. ಉಳಿದ ಒಂಬತ್ತರಲ್ಲಿ ಆರನ್ನು ಒಂದು ಗಂಟೆ ಹಿಂದುಮುಂದು ಮಾಡಬಹುದಿತ್ತು. ಬೇರೆ ದಾರಿಯೇ ಇಲ್ಲದ ದಿನಗಳು ಮೂರು. ಆ ಮೂರು ದಿನಕ್ಕೆ ಟ್ಯಾಕ್ಸಿ ಸಾಕಿತ್ತು. ಅಷ್ಟಕ್ಕಾಗಿ ನಾವು ವರ್ಷವಿಡೀ ಒಂದು ಕಾರಿನ ವಿಮೆ, ಸರ್ವಿಸ್, ತೆರಿಗೆಗಳನ್ನು ಹೊತ್ತುಕೊಂಡಿದ್ದೆವು.

ಮಾರಾಟದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಕಡಿಮೆ ಓಡಿದ, ಚಿಕ್ಕ ಕಾರನ್ನು ಇಟ್ಟುಕೊಂಡು ದೊಡ್ಡದನ್ನು ಕೊಟ್ಟೆವು, ನೋಂದಣಿ ಕೊಂಡವರ ಹೆಸರಿಗೆ ಬದಲಾದ ಮೇಲೆಯೇ ವಿಮೆ ನಿಲ್ಲಿಸಿದೆವು.

ಕಷ್ಟವಾದದ್ದು ಅದರ ನಂತರದ ದಿನಗಳು, ಮತ್ತು ಆ ಕಷ್ಟ ಬಂದದ್ದು ನಾವು ನಿರೀಕ್ಷಿಸದ ಕಡೆಯಿಂದ. ಅತ್ತೆಯವರಿಗೆ ಮೊಣಕಾಲು ನೋವು. ತಿಂಗಳಿಗೆ ಎರಡು ಸಲ ಚಿಕಿತ್ಸೆಗೆ ಹೋಗಬೇಕು. ಒಂದು ದಿನ ಅವರು ಯಾರಿಗೂ ಹೇಳದೆ ಚಿಕಿತ್ಸೆ ತಪ್ಪಿಸಿಕೊಂಡರು. ಕೇಳಿದಾಗ, “ಕಾರಿಲ್ಲ ಅಂತಲ್ಲಮ್ಮ, ಪ್ರತಿ ಸಲ ನಿಮ್ಮನ್ನ ಕೇಳಬೇಕಲ್ಲ, ಅದು ಕಷ್ಟ” ಎಂದರು. ಆ ಮಾತು ನನ್ನನ್ನು ಬಹಳ ನೋಯಿಸಿತು. ಎರಡು ಕಾರುಗಳಿದ್ದಾಗ ಹೆಚ್ಚಿನ ದಿನ ಒಂದು ಖಾಲಿ ಇರುತ್ತಿದ್ದುದರಿಂದ ಅವರು ಯಾರನ್ನೂ ಬೇಡಬೇಕಾಗಿರಲಿಲ್ಲ. ನಾವು ಕಾರನ್ನು ಕಡಿಮೆ ಮಾಡುವ ಭರದಲ್ಲಿ, ಕೇಳಿ ಪಡೆಯುವ ಹೊರೆಯನ್ನು ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರ ಮೇಲೆ ಹಾಕಿದ್ದೆವು. ಅಂದೇ ಕೂತು ಅವರ ವರ್ಷದ ಚಿಕಿತ್ಸೆಯ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು. ಆ ದಿನಗಳಲ್ಲಿ ಕಾರು ಅವರದು; ಬೇಕಾದವರು ಅವರನ್ನು ಕೇಳಬೇಕು. ಉಳಿದ ದಿನಗಳಿಗೆ ಬಸ್ಸಿಲ್ಲದ ಜಾಗಕ್ಕೆ ಹೋಗುವವರು ಮೊದಲು, ಭಾರದ ಸಾಮಾನು ತರುವವರು ನಂತರ, ಉಳಿದವರು ಆಮೇಲೆ ಎಂಬ ಕ್ರಮ ಬಂತು. ಮೊದಲು ಹೇಳಿದವರಿಗೆ ಕಾರು ಎಂಬ ನಿಯಮವನ್ನು ನಾವು ಬೇಕೆಂದೇ ಇಡಲಿಲ್ಲ. ಅದು ಬೇಗ ಬಾಯಿ ಬಿಡುವವರಿಗೆ ಮಾತ್ರ ಅನುಕೂಲ.

ಇದೇ ಮಿತಿ ಕಾನೂನಾಗಬೇಕೇ ಎಂದು ಪರಿಚಿತರು ಕೇಳುತ್ತಾರೆ. ಆಗಬೇಕೆಂದೇ ನನ್ನ ಅಭಿಪ್ರಾಯ, ಆದರೆ ‘ಮನೆ’ ಎಂದರೆ ಯಾವುದೆಂದು ಕಾನೂನು ಬಿಡಿಸಿ ಹೇಳದಿದ್ದರೆ ಜನ ಕಾಗದದ ಮೇಲೆ ಮನೆ ಒಡೆಯುತ್ತಾರೆ. 2011ರಿಂದ ಲಾಟರಿಯ ಮೂಲಕ ನಂಬರ್ ಪ್ಲೇಟ್ ಕೊಡುತ್ತಿರುವ ಬೀಜಿಂಗ್‌ನಲ್ಲಿ, ಗಂಡ ಹೆಂಡಿರ ನಡುವೆ ಪ್ಲೇಟನ್ನು ವರ್ಗಾಯಿಸಬಹುದೆಂಬ ಒಂದೇ ಕಾರಣಕ್ಕೆ ಕಾಗದದ ಮದುವೆಗಳು ನಡೆದಿವೆ. ಬರ್ಮುಡಾ ಕುಟುಂಬವನ್ನಲ್ಲ, ಕಟ್ಟಡದ ಲೆಕ್ಕದಲ್ಲಿರುವ ವಾಸದ ಘಟಕವನ್ನು, ಅಂದರೆ ಒಂದೊಂದು ಪ್ರತ್ಯೇಕ ಮನೆಯನ್ನು, ಹಿಡಿದು ಎಣಿಸುವುದು ಅದಕ್ಕಿಂತ ಗಟ್ಟಿಯಾದ ದಾರಿ. ಸಿಂಗಪುರ 1990ರಿಂದ ಕಾರು ಇಟ್ಟುಕೊಳ್ಳುವ ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜು ಹಾಕಿ ಒಟ್ಟು ಕಾರುಗಳ ಸಂಖ್ಯೆಯನ್ನು ಬಿಗಿಹಿಡಿದಿದೆ. ದಟ್ಟಣೆಗೆ ಅದು ಮದ್ದು, ಆದರೆ ಹಣವಿದ್ದ ಮನೆ ಎರಡನೆಯದನ್ನೂ ಕೊಳ್ಳಬಹುದು. ನನಗೆ ಹೆಚ್ಚು ನ್ಯಾಯವೆನಿಸುವುದು ಜಪಾನಿನ ನಿಯಮ. 1962ರ ಕಾನೂನಿನಂತೆ ಅಲ್ಲಿ ಕಾರು ನಿಲ್ಲಿಸಲು ರಸ್ತೆಯ ಹೊರಗೆ ಸ್ವಂತ ಅಥವಾ ಬಾಡಿಗೆಯ ಜಾಗವಿದೆ ಎಂದು ತೋರಿಸಬೇಕು. ನಮ್ಮ ಎರಡನೆಯ ಕಾರು ಆರು ವರ್ಷ ನಿಂತದ್ದು ರಸ್ತೆಯಲ್ಲಿ, ಎಲ್ಲರಿಗೂ ಸೇರಿದ ಜಾಗದಲ್ಲಿ. ಅದು ಹೋದ ಮೇಲೆ ಉಳಿದ ಎಣ್ಣೆಯ ಕಲೆಯನ್ನು ಉಜ್ಜಿ ತೊಳೆಯುವಾಗ, ಅಲ್ಲಿ ನಡೆಯುವವರು ಇಷ್ಟು ವರ್ಷ ಆ ಕಾರನ್ನು ಸುತ್ತಿಕೊಂಡು ವಾಹನಗಳ ನಡುವೆ ಇಳಿಯುತ್ತಿದ್ದರು ಎಂಬುದು ಮೊದಲ ಸಲ ನನ್ನ ಗಮನಕ್ಕೆ ಬಂತು.

ಮಗನಿಗೆ ಈಗ ರಾತ್ರಿ ಪಾಳಿಯ ಕೆಲಸ ಸಿಕ್ಕಿದೆ. ಆ ಹೊತ್ತಿಗೆ ಬಸ್ಸಿಲ್ಲ. ಎರಡನೆಯ ಕಾರಿನ ಪ್ರಶ್ನೆ ಮತ್ತೆ ಬಂದಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಬರುವ ಸೋಮವಾರದಿಂದ ನೋಟ್‌ಬುಕ್ಕನ್ನು ಮತ್ತೆ ಕಾರಿನಲ್ಲಿ ಇಡುತ್ತೇವೆ, ಎಂಟು ವಾರ ಬರೆದು ನೋಡುತ್ತೇವೆ.